ಬಣ್ಣಕ್ಕೆ ಮೊದಲು ಕರ್ಣ



ಶಾರ್ಜಾದಲ್ಲಿ 2008ರಲ್ಲಿ ತೆರೆದ ಕ್ಲಾಸಿಕ್ ಕಾರುಗಳ ಸಂಗ್ರಹಾಲಯವನ್ನೋ ಧರ್ಮಸ್ಥಳದ ಮಂಜೂಷಾವನ್ನೋ ಕಂಡುಬಂದ ನಮಗೆ, ಹಳೆಯ ವಾಹನವೊಂದನ್ನು ನವೀಕರಿಸುವ ಆಸೆ ಹುಟ್ಟುವುದು ಸಹಜ. ದುಬೈ, ಅಬುಧಾಬಿಗಳಲ್ಲಿ ಕಣ್ಣು ಹೋಗುವುದು ಟೊಯೋಟಾ ಲ್ಯಾಂಡ್ ಕ್ರೂಸರಿನ ಕಡೆಗೆ. 1960ರಿಂದ 1984ರವರೆಗೆ ತಯಾರಾದ ಅದರ 40ರ ಸರಣಿಯ ಒಡಲನ್ನು ಏಣಿಯಾಕಾರದ ಉಕ್ಕಿನ ಚಾಸಿ ಹೊತ್ತಿರುತ್ತದೆ. ಚಾಸಿ ಸೊಟ್ಟಗಿದ್ದರೆ ಮೇಲೆ ಸುರಿದ ದಿರ್ಹಮುಗಳೆಲ್ಲ ಹೊಳೆಯಲ್ಲಿ ಕಿವುಚಿದ ಹುಣಸೆಹಣ್ಣು. ಹಣವಾದರೂ ಹೋಗಲಿ, ಹತ್ತಾದ ಇಳಿಜಾರಿನಲ್ಲಿ ಗಾಡಿ ಒಂದು ಬದಿಗೆಳೆದರೆ ಒಳಗಿರುವವರು ನಮ್ಮ ಮಕ್ಕಳು.

ಆದುದರಿಂದ ಒಡಲನ್ನು ಕಳಚಿದೊಡನೆ ನಾವು ಕರ್ಣಗಳನ್ನು ಅಳೆಯಬೇಕು. ನಮ್ಮೂರ ಬಡಗಿ ಬಾಗಿಲವಾಡವನ್ನು ಮೂಲೆಯಿಂದ ಮೂಲೆಗೆ ಅಳೆಯುವುದೂ ಇದಕ್ಕಾಗಿಯೇ. ಸಮತಟ್ಟಾದ ನೆಲ, ತೂಗುಗುಂಡು, ಸೀಮೆಸುಣ್ಣ ಸಾಕು. ಎಡಬಲಗಳ ಸ್ಪ್ರಿಂಗ್ ಜೋಡಣೆಯ ರಂಧ್ರಗಳಿಂದ ಗುಂಡನ್ನಿಳಿಸಿ ನೆಲದ ಮೇಲೆ ಗುರುತಿಸಿ, ಚಾಸಿಯನ್ನು ಸರಿಸಿ, ಕರ್ಣಗಳನ್ನು ಹೋಲಿಸಬೇಕು. ಅವು ಗಣನೀಯವಾಗಿ ಬೇರೆಯಾದರೆ ಒಂದು ಬದಿಯ ಪಟ್ಟಿ ಹೊಡೆತಕ್ಕೆ ಹಿಂದೆ ಸರಿದಿದೆಯೆಂದೇ ಶಂಕಿಸಬೇಕು. ಕರ್ಣಗಳು ಸಮವಾಗಿದ್ದರೂ ಚಾಸಿ ತಿರುಚಿರಬಹುದು. ನೆಲದಿಂದ ಎತ್ತರಗಳನ್ನೂ ತಯಾರಕರ ಕೈಪಿಡಿಯೊಡನೆ ತಾಳೆನೋಡುವುದು ಲೇಸು.

ಮಾರುವವನ ಮಾತಿಗಿಂತ ಉಕ್ಕಿನ ಮೈ ಹೆಚ್ಚು ಸತ್ಯವಂತ. ಮುಂಭಾಗದಲ್ಲಿ ಸಣ್ಣ ಸುಕ್ಕು, ಒಂದೇ ಬದಿಯಲ್ಲಿ ಹೊಸ ಬೆಸುಗೆ, ರಿವೆಟ್ಟಿದ್ದೆಡೆ ಬೋಲ್ಟು, ಚಾಸಿ ಸಂಖ್ಯೆಯ ಸುತ್ತ ಉಜ್ಜಿದ ಗುರುತು ಇದ್ದರೆ ಕಾರಣ ಕೇಳಲೇಬೇಕು. ಎಲ್ಲವೂ ಅಪಘಾತದ್ದೇ ಅಲ್ಲ. ಮರಳದಿಬ್ಬದಿಂದ ಹಾರಿ ಬಿದ್ದ ಗಾಡಿಯ ಚಾಸಿಯೂ ಬಾಗುತ್ತದೆ. ಕರಾವಳಿಯ ಉಪ್ಪುಗಾಳಿ ಪಟ್ಟಿಯನ್ನು ಒಳಗಿನಿಂದಲೇ ತಿನ್ನುವುದುಂಟು. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಸದ್ದು ಕೇಳಬೇಕು.

ಅಂಬಾಸಡರ್ ಪ್ರಿಯರಿಗೊಂದು ಮಾತು: ಅದಕ್ಕೆ ಪ್ರತ್ಯೇಕ ಚಾಸಿಯೇ ಇಲ್ಲ. ಅಲ್ಲಿ ಒಡಲಿನ ತಳದಲ್ಲಿರುವ ಸಸ್ಪೆನ್ಷನ್ ಜೋಡಣೆಯ ಬಿಂದುಗಳನ್ನೇ ಹೀಗೆ ಅಳೆಯಬೇಕಾಗುತ್ತದೆ.