ಚೀಟಿ ಜೋಡಿಸೋಣ, ಜೀವ ಉಳಿಸೋಣ

(ಕಿಬ್ಬನಹಳ್ಳಿಯ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಇವತ್ತು ನಾವೆಲ್ಲ ಸೇರಿ ಒಂದು ಆಟ ಕಟ್ಟೋಣ. ಚೌಕಾಬಾರ ನಮಗೆ ಗೊತ್ತು. ಹಾವು ಏಣಿ ಆಟಾನೂ ಗೊತ್ತು. ಇದು ಚೀಟಿ ಜೋಡಿಸುವ ಆಟ. ಭೇದಿಯಾದ ಮಗುವಿಗೆ ಓ.ಆರ್.ಎಸ್. ನೀರು ಕಲಸಿ ಕುಡಿಸೋದನ್ನು ಈ ಆಟ ಕಲಿಸುತ್ತದೆ.

ಭೇದಿಯಾದರೆ ಮಗುವಿನ ಜೀವಕ್ಕೆ ಯಾಕೆ ಅಪಾಯ? ಮೈಯಲ್ಲಿರುವ ನೀರು, ಉಪ್ಪು ಎರಡೂ ಹರಿದು ಹೋಗುತ್ತವೆ. ಹೋದದ್ದನ್ನು ಮತ್ತೆ ತುಂಬಬೇಕು. ಬರೀ ನೀರು ಸಾಲದು. ಸಕ್ಕರೆ, ಉಪ್ಪು ಸರಿಯಾದ ಅಳತೆಯಲ್ಲಿ ಸೇರಿದರೆ ಕರುಳು ನೀರನ್ನು ಚೆನ್ನಾಗಿ ಹೀರುತ್ತದೆ.

1971ರ ಮಾತು ಕೇಳಿ. ಬಾಂಗ್ಲಾದೇಶದ ಯುದ್ಧದಲ್ಲಿ ಲಕ್ಷಾಂತರ ಜನ ಊರು ಬಿಟ್ಟು ನಮ್ಮ ದೇಶಕ್ಕೆ ಬಂದರು. ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಅವರಿಗೆ ಕಾಲರಾ ತಗುಲಿತು. ಸೂಜಿಯಿಂದ ಕೊಡುವ ಸಲೈನ್ ಸಾಲದೆ ಹೋಯಿತು. ಆಗ ದಿಲೀಪ್ ಮಹಾಲನಬಿಸ್ ಎಂಬ ಡಾಕ್ಟರು ಗ್ಲೂಕೋಸು, ಉಪ್ಪು, ಸೋಡಾ ಕಲಸಿದ ನೀರು ಕುಡಿಸಲು ಹೇಳಿದರು. ಕುಡಿಸಿದವರು ಯಾರು? ರೋಗಿಗಳ ಮನೆಯವರೇ. ನೂರಕ್ಕೆ ಸುಮಾರು 30 ಸಾವು ಆಗುತ್ತಿದ್ದದ್ದು 4ಕ್ಕಿಂತ ಕಡಿಮೆಯಾಯಿತು. ಈ ಕೆಲಸ ನಮ್ಮ ಕೈಯಿಂದಲೂ ಆಗುತ್ತದೆ.

ಈಗ ಆಟ ಮಾಡೋಣ. ಹಳೇ ಲಗ್ನಪತ್ರಿಕೆ ತನ್ನಿ. ಎಂಟು ಚೀಟಿ ಕತ್ತರಿಸಿ. ಒಂದೊಂದರ ಮೇಲೆ ಒಂದೊಂದು ಕೆಲಸ ಬರೆಯಿರಿ. ಪಕ್ಕದಲ್ಲಿ ಚಿತ್ರ ಬಿಡಿಸಿ.

1. ಸೋಪು ಹಾಕಿ ಕೈ ತೊಳೆಯಿರಿ.
2. ಪೊಟ್ಟಣದ ಮೇಲಿನ ಅಳತೆ ಓದಿ.
3. ಕಾಯಿಸಿ ಆರಿಸಿದ ನೀರು ಅಷ್ಟೇ ಅಳೆಯಿರಿ.
4. ಪೂರ್ತಿ ಪೊಟ್ಟಣ ಸುರಿಯಿರಿ.
5. ಕರಗುವ ತನಕ ಕಲಕಿ.
6. ಗುಟುಕು ಗುಟುಕಾಗಿ ಕುಡಿಸಿ.
7. ಉಳಿದದ್ದನ್ನು ಮುಚ್ಚಿಡಿ.
8. 24 ಗಂಟೆ ಆದ ಮೇಲೆ ಚೆಲ್ಲಿ.

ಚೀಟಿಯ ಮೇಲೆ ಅಂಕಿ ಹಾಕಬೇಡಿ. ಮೊದಲ ಸುತ್ತಿಗೆ ಅಂಚನ್ನು ಸೊಟ್ಟಸೊಟ್ಟಾಗಿ ಕತ್ತರಿಸಿ. ಸರಿಯಾದ ಚೀಟಿ ಮಾತ್ರ ಕೂರುತ್ತದೆ. ಎರಡನೇ ಸುತ್ತಿಗೆ ಅಂಚು ನೇರ ಇರುವ ಚೀಟಿ ಬೇಕು. ಈಗ ಅಂಚು ನೋಡಿ ಜೋಡಿಸೋಕೆ ಆಗದು. ಓದಿಯೇ ಜೋಡಿಸಬೇಕು.

ಮೂರನೇ ಸುತ್ತಿಗೆ ಮೂರು ಸುಳ್ಳು ಚೀಟಿ ಸೇರಿಸಿ. "ಅರ್ಧ ಪೊಟ್ಟಣ ಹಾಕಿ." "ಕಲಸಿದ ಮೇಲೆ ಕುದಿಸಿ." "ಎದೆಹಾಲು ನಿಲ್ಲಿಸಿ." ಇವನ್ನು ಹುಡುಕಿ ತೆಗೆದವರು ಯಾಕೆ ತಪ್ಪು ಅಂತಾನೂ ಹೇಳಬೇಕು. ಎದೆಹಾಲು, ಊಟ ಎರಡೂ ನಿಲ್ಲಿಸಬಾರದು.

ಎಲ್ಲಕ್ಕಿಂತ ದೊಡ್ಡದು ಎರಡನೇ ಚೀಟಿ. ಪೊಟ್ಟಣದಲ್ಲಿ ದೊಡ್ಡದು, ಚಿಕ್ಕದು ಎರಡೂ ಉಂಟು. ದೊಡ್ಡದಕ್ಕೆ 1 ಲೀಟರ್ ನೀರು. ಚಿಕ್ಕದಕ್ಕೆ 200 ಮಿಲಿ ಲೀಟರ್, ಅಂದರೆ ಲೀಟರಿನ ಐದನೇ ಒಂದು ಪಾಲು. ನೀರು ಕಡಿಮೆಯಾದರೆ ಉಪ್ಪು ಹೆಚ್ಚಾಗಿ ಮಗುವಿಗೆ ಕೇಡು. ನೀರು ಹೆಚ್ಚಾದರೆ ಗುಣ ಸಾಲದು. ಆ ಅಂಕಿ ಓದಲು ಬಂದರೆ ನಾವು ಕಲಿತ ಅಕ್ಷರ ಮಗುವಿನ ಜೀವ ಕಾಯುತ್ತದೆ.

ನಮ್ಮದು ತೆಂಗಿನ ಸೀಮೆ. "ಎಳನೀರು ಇಲ್ವಾ?" ಅಂತ ಯಾರಾದರೂ ಕೇಳೇ ಕೇಳ್ತಾರೆ. ಎಳನೀರು ಕುಡಿಸಬಹುದು. ಆದರೆ ಅದರಲ್ಲಿ ಬೇಕಾದಷ್ಟು ಉಪ್ಪಿನಂಶ ಇಲ್ಲ. ಓ.ಆರ್.ಎಸ್. ಜೊತೆಗೆ ಇರಲಿ, ಬದಲಿಗೆ ಬೇಡ. ಪೊಟ್ಟಣ ಸಿಗದಿದ್ದರೆ 1 ಲೀಟರ್ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ. ಚಮಚ ಗೋಪುರ ಮಾಡಬೇಡಿ, ಸಮ ಮಾಡಿ.

ಕೊನೆಗೆ ಒಂದು ಕೆಂಪು ಚೀಟಿ. ಮಗು ಕುಡಿಯಲಾರದೆ ಹೋದರೆ, ಮಂಕಾದರೆ, ಕಣ್ಣು ಗುಳಿ ಬಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ ಆಟದಲ್ಲೂ ಮನೆಯಲ್ಲೂ ಒಂದೇ ಉತ್ತರ. ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಚೀಟಿ ಜೋಡಿಸಿದ ಮೇಲೆ ನಿಜವಾದ ಚೊಂಬು, ನಿಜವಾದ ಪೊಟ್ಟಣ ಇಟ್ಟುಕೊಂಡು ಕಲಸಿ ನೋಡೋಣ. ಒಂದು ಲೀಟರಿನ ಬಾಟಲಿಯಿಂದ ಅಳೆದು ನಿಮ್ಮ ಮನೆ ಚೊಂಬಿಗೆ ಗುರುತು ಹಾಕಿಕೊಳ್ಳಿ. ಆಶಾ ಕಾರ್ಯಕರ್ತೆಯನ್ನೂ ಕರೆಯಿರಿ. ಭೇದಿಗೆ ಕೊಡುವ ಜಿಂಕ್ ಮಾತ್ರೆಯ ವಿಚಾರ ಅವರನ್ನೇ ಕೇಳಿ.

ಬನ್ನಿ, ಕತ್ತರಿ ತೆಗೆದುಕೊಳ್ಳಿ. ಆಡೋಣ, ಕಲಿಯೋಣ, ಪಕ್ಕದ ಮನೆಯವರಿಗೂ ಕಲಿಸೋಣ.