ಮಂಜರಾಬಾದಿನ ಕಲ್ಲುಗಳನ್ನೂ ಓದಿದ ರೈಸ್

1950ರ ಬೇಸಿಗೆ ರಜೆಯಲ್ಲಿ ಕೇಂಬ್ರಿಜ್‌ನ ಒಂದಷ್ಟು ವಿದ್ಯಾರ್ಥಿಗಳು ಸ್ಪೇನ್ ಸುತ್ತಲು ಹೊರಟರು. ಅವರಲ್ಲಿ ಜಾನ್ ಎಲಿಯಟ್ ಎಂಬ ಇಪ್ಪತ್ತರ ಯುವಕನೂ ಇದ್ದ. ಮ್ಯಾಡ್ರಿಡ್‌ನ ಪ್ರಾಡೋ ಚಿತ್ರಶಾಲೆಯಲ್ಲಿ ಅವನು ಒಂದು ಚಿತ್ರದ ಮುಂದೆ ನಿಂತುಬಿಟ್ಟ. ಹದಿನೇಳನೆಯ ಶತಮಾನದ ಸ್ಪೇನಿನ ಮಂತ್ರಿ ಒಲಿವಾರೆಸ್ ಕುದುರೆ ಏರಿ ಕೂತ ಚಿತ್ರ ಅದು, ಬರೆದವನು ವೆಲಾಸ್ಕೆಸ್. ಈ ಮನುಷ್ಯ ಯಾರು, ಅವನ ಕಾಲದಲ್ಲಿ ಸ್ಪೇನಿಗೆ ಏನಾಯಿತು ಎಂದು ಹುಡುಕುವುದರಲ್ಲೇ ಎಲಿಯಟ್‌ರ ಬಾಳು ಕಳೆಯಿತು. ಒಲಿವಾರೆಸ್‌ನ ಕಾಗದಪತ್ರಗಳಲ್ಲಿ ಬಹುಪಾಲು ಬೆಂಕಿಗೆ ಆಹುತಿಯಾಗಿದ್ದವು. ಎಲಿಯಟ್ ಕೈಚೆಲ್ಲಲಿಲ್ಲ. ಬಾರ್ಸಿಲೋನಾಕ್ಕೆ ಹೋಗಿ ಅಲ್ಲಿನ ದಫ್ತರಖಾನೆಯಲ್ಲಿ ಕೂತರು, ಕತಲಾನ್ ಮನೆಯೊಂದರಲ್ಲಿ ಉಳಿದು ಆ ಜನರ ಮಾತನ್ನೇ ಕಲಿತರು. ಜನರಲ್ ಫ್ರಾಂಕೋನ ಆಡಳಿತದಲ್ಲಿ ಆ ಭಾಷೆಗೆ ಸಾರ್ವಜನಿಕವಾಗಿ ಜಾಗವಿರಲಿಲ್ಲ. ಬೀದಿಯಲ್ಲಿ ಕತಲಾನಿನಲ್ಲಿ ದಾರಿ ಕೇಳಿದ್ದಕ್ಕೆ, ಸಾಮ್ರಾಜ್ಯದ ಭಾಷೆಯಲ್ಲಿ ಮಾತಾಡು ಎಂದು ಪೊಲೀಸಿನವನೊಬ್ಬ ತಾಕೀತು ಮಾಡಿದ್ದನ್ನು ಎಲಿಯಟ್ ಮುಂದೆ ನೆನೆದಿದ್ದಾರೆ. ಒಲಿವಾರೆಸ್ ಕಾಲದ ಕತಲಾನರ ದಂಗೆಯ ಬಗ್ಗೆ ಅವರು ಬರೆದ ಪುಸ್ತಕ 1963ರಲ್ಲಿ ಬಂತು. 2022ರಲ್ಲಿ ಅವರು ತೀರಿಕೊಂಡಾಗ, ತಮ್ಮ ಚರಿತ್ರೆಯನ್ನು ತಮಗೇ ತಿಳಿಸಿಕೊಟ್ಟ ಹಿರಿಯರೆಂದು ಸ್ಪೇನಿನವರು ಅವರನ್ನು ಸ್ಮರಿಸಿದರು.

ಕೇಳುಗರೇ, ಇಂಥ ಒಬ್ಬ ಹಿರಿಯರು ನಮಗೂ ಇದ್ದರು. ಎಲಿಯಟ್‌ಗಿಂತ ಸುಮಾರು ನೂರು ವರ್ಷ ಮೊದಲು, ಕನ್ನಡ ನಾಡಿನಲ್ಲಿ. ಅವರು ಬೆಂಜಮಿನ್ ಲೂಯಿ ರೈಸ್. ಸಕಲೇಶಪುರ ಸೀಮೆಯ ಹೆತ್ತೂರು, ಯಸಳೂರು, ಐಗೂರಿನ ಕಡೆಯ ಜನ ಇಂದು ತಮ್ಮ ಸೀಮೆಯ ಹಳೆಯ ಅರಸರ ಬಗ್ಗೆ, ದಾನದತ್ತಿಗಳ ಬಗ್ಗೆ, ಯುದ್ಧಗಳ ಬಗ್ಗೆ ಏನು ಓದಿದರೂ ಅದರ ಬುಡದಲ್ಲೆಲ್ಲೋ ರೈಸ್ ಇರುತ್ತಾರೆ.

ಅವರು ಹುಟ್ಟಿದ್ದು ಬೆಂಗಳೂರಿನಲ್ಲೇ, 1837ರ ಜುಲೈ 17ರಂದು. ತಂದೆಯ ಹೆಸರೂ ಬೆಂಜಮಿನ್ ರೈಸ್. ಲಂಡನ್ ಮಿಷನ್ನಿನ ಪಾದ್ರಿ. ಕನ್ನಡ ಬೈಬಲ್ಲಿನ ಪರಿಷ್ಕರಣೆಗೆ ದುಡಿದು, ಕೊನೆಗೆ ಬೆಂಗಳೂರಿನ ಮಣ್ಣಿಗೇ ಸೇರಿದವರು. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚು ಆ ತಂದೆಯ ಹೆಸರಿನದು. ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದ ಇ.ಪಿ. ರೈಸ್ ಇದೇ ಮನೆಯ ಇನ್ನೊಬ್ಬ ಮಗ. ಲೂಯಿ ರೈಸ್ ಇಂಗ್ಲೆಂಡಿನಲ್ಲಿ ಓದು ಮುಗಿಸಿ 1860ರಲ್ಲಿ ಬೆಂಗಳೂರು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿ ಮರಳಿದರು. ಮುಂದೆ ಸೆಂಟ್ರಲ್ ಕಾಲೇಜು ಎಂದು ಹೆಸರಾದದ್ದು ಅದೇ ಶಾಲೆ. 1865ರಲ್ಲಿ ಅವರು ಮೈಸೂರು ಮತ್ತು ಕೊಡಗು ಸೀಮೆಗಳ ಶಾಲೆಗಳ ಇನ್‌ಸ್ಪೆಕ್ಟರ್ ಆದರು.

ಚರಿತ್ರೆಕಾರ ರೈಸ್ ಹೊರಬಂದದ್ದು ಈ ಶಾಲಾ ತಪಾಸಣೆಯಿಂದಲೇ. ಆಗ ಈ ಕಡೆಗೆ ರೈಲಿಲ್ಲ, ಹಾಸನದಿಂದ ಸಕಲೇಶಪುರದ ಮೂಲಕ ಮಂಗಳೂರಿಗೆ ರೈಲು ದಾರಿ ಪೂರ್ತಿಯಾದದ್ದು 1979ರಲ್ಲಿ. ಊರೂರು ಸುತ್ತಿ ಶಾಲೆ ನೋಡುವ ಅಧಿಕಾರಿಗೆ ದಾರಿಯುದ್ದಕ್ಕೂ ಬರಹದ ಕಲ್ಲುಗಳು ಎದುರಾಗುತ್ತಿದ್ದವು. ಗುಡಿಯ ಬಾಗಿಲಲ್ಲಿ, ಕೆರೆ ಏರಿಯ ಮೇಲೆ, ಗದ್ದೆಯ ಬದುವಿನಲ್ಲಿ, ಎಲ್ಲೆಲ್ಲೂ. ಇನ್ನೊಂದು ಕಾರಣವೂ ಒದಗಿ ಬಂತು. ಮೈಸೂರಿನ ಕಮಿಷನರ್ ಬೌರಿಂಗ್ ಕಾಲದಲ್ಲಿ ಮೇಜರ್ ಡಿಕ್ಸನ್ ಎಂಬ ಸೈನ್ಯಾಧಿಕಾರಿ ಚಿತ್ರದುರ್ಗ, ಬಳ್ಳಿಗಾವೆ, ಹರಿಹರ ಮೊದಲಾದ ಕಡೆಯ ಶಾಸನಗಳ ಫೋಟೋ ತೆಗೆದಿದ್ದರು. ಅವನ್ನು ಓದಿ ಅರ್ಥ ಹೇಳುವ ಕೆಲಸ ರೈಸ್ ಪಾಲಿಗೆ ಬಂತು. ಹಳಗನ್ನಡ ಗೊತ್ತಿದ್ದ ಪಂಡಿತರ ಜೊತೆ ಕೂತು, ಲಿಪಿಯ ಒಂದೊಂದು ತಿರುವನ್ನೂ ಬಿಡಿಸುತ್ತಾ ಹೋಗಿ ಅವರು 1879ರಲ್ಲಿ ಮೈಸೂರಿನ ಶಾಸನಗಳ ಮೊದಲ ಸಂಪುಟವನ್ನು ಹೊರತಂದರು.

ಶಿಕ್ಷಣ ಇಲಾಖೆಯ ಅಧಿಕಾರಿಯಾಗಿಯೂ ರೈಸ್ ಹಳ್ಳಿಗರ ಮನೆಬಾಗಿಲು ಮುಟ್ಟಿದವರು. ಪ್ರತಿ ಹೋಬಳಿಗೂ ಒಂದು ಶಾಲೆ ಬೇಕೆಂದು 1868ರಲ್ಲಿ ಅವರು ಯೋಜನೆ ಮಾಡಿ ಸರ್ಕಾರದ ಮುಂದಿಟ್ಟರು; ಅದು ಮಂಜೂರಾಯಿತು. ಹೆತ್ತೂರಿನಂಥ ಹೋಬಳಿ ಕೇಂದ್ರಗಳ ಶಾಲೆಯ ಕತೆ ಹೇಳುವಾಗ ಈ ಹೆಸರು ಬಿಟ್ಟುಹೋಗಬಾರದು. ಪಟ್ಟಣದ ನಾಲ್ಕು ಮಕ್ಕಳು ಇಂಗ್ಲಿಷ್ ಕಲಿತರೆ ಸಾಕು ಎಂದುಕೊಂಡಿದ್ದ ಕಾಲದಲ್ಲಿ ಹೋಬಳಿಯ ರೈತನ ಮಗುವಿಗೆ ಕನ್ನಡದಲ್ಲಿ ಓದು ಬರಹ ಸಿಗಲಿ ಎಂದು ಯೋಚಿಸಿದ್ದು ಸಣ್ಣ ಮಾತಲ್ಲ.

ನಂತರ ಬಂದದ್ದು ಮೈಸೂರು ಮತ್ತು ಕೊಡಗಿನ ಗೆಜೆಟಿಯರ್. 1876ರಿಂದ 1878ರವರೆಗೆ ಹೊರಬಂದ ಇದು ನಾಡಿನ ನದಿ, ಬೆಟ್ಟ, ಬೆಳೆ, ಜಾತಿ, ಜಾತ್ರೆ, ಅರಸು, ಕಂದಾಯ ಎಲ್ಲವನ್ನೂ ಒಂದೆಡೆ ಸೇರಿಸಿದ ಮಹಾ ಸಂಕಲನ. ಇಂದಿನ ಸಕಲೇಶಪುರ ಸೀಮೆ ಅದರಲ್ಲಿ ಮಂಜರಾಬಾದ್ ತಾಲ್ಲೂಕು ಎಂಬ ಹೆಸರಿನಲ್ಲಿದೆ. ಬಲಂ ಎಂದು ಕರೆಯುತ್ತಿದ್ದ ಈ ಮಲೆಯ ಪಾಳೆಯಗಾರರು, ಟಿಪ್ಪು 1792ರಲ್ಲಿ ಕಟ್ಟಿಸಿದ ನಕ್ಷತ್ರದಾಕಾರದ ಕೋಟೆ, 1802ರಲ್ಲಿ ಆರ್ಥರ್ ವೆಲ್ಲೆಸ್ಲಿ ಅರಕೆರೆಯ ಕಾಡಿಗೆ ಸೈನ್ಯ ನುಗ್ಗಿಸಿ ಐಗೂರಿನ ಪಾಳೆಯಗಾರನನ್ನು ಮಣಿಸಿದ್ದು ಇವೆಲ್ಲ ಇಂಗ್ಲಿಷ್ ಓದುಗರಿಗೆ ಒಂದೇ ಕಡೆ ದೊರಕಿದ್ದು ಹೀಗೆ. ಅದೇ ಕಾಲದಲ್ಲಿ ಇದೇ ಮಂಜರಾಬಾದಿನಲ್ಲಿ ಕಾಫಿ ತೋಟ ಮಾಡಿಕೊಂಡಿದ್ದ ಇನ್ನೊಬ್ಬ ಎಲಿಯಟ್ ಇದ್ದರು, ರಾಬರ್ಟ್ ಎಲಿಯಟ್. ಅವರು 1871ರಲ್ಲಿ ತೋಟಗಾರನ ಅನುಭವಗಳನ್ನು ಪುಸ್ತಕ ಮಾಡಿದರು. ಓದಲು ರುಚಿಯಾದ ಪುಸ್ತಕವೇ. ಆದರೆ ಅದು ತೋಟದ ಬಂಗಲೆಯ ಜಗಲಿಯಿಂದ ಕಂಡ ಮಲೆನಾಡು. ಇಲ್ಲಿನ ಜನ ಸಾವಿರ ವರ್ಷದ ಹಿಂದೆ ತಾವೇ ಏನು ಬರೆಸಿಟ್ಟಿದ್ದರು ಎಂದು ಕೇಳಿದವರು ರೈಸ್.

1885ರಲ್ಲಿ ಮೈಸೂರು ಪುರಾತತ್ವ ಇಲಾಖೆ ಶುರುವಾಯಿತು. ಶಿಕ್ಷಣ ಇಲಾಖೆಯ ಜೊತೆಗೇ ಆ ಹೊಣೆಯನ್ನೂ ಹೊತ್ತ ರೈಸ್, ಮುಂದೆ ಪೂರ್ತಿಯಾಗಿ ಅದಕ್ಕೇ ನಿಂತುಬಿಟ್ಟರು. 'ಎಪಿಗ್ರಾಫಿಯಾ ಕರ್ನಾಟಿಕಾ' ಮಾಲೆಯ ಮೊದಲ ಸಂಪುಟ ಕೊಡಗಿನದು, 1886ರಲ್ಲಿ ಬಂತು. 1905ರ ಹೊತ್ತಿಗೆ ಹನ್ನೆರಡು ಸಂಪುಟ, ಸುಮಾರು 9000 ಶಾಸನ. ಪ್ರತಿಯೊಂದಕ್ಕೂ ಮೂಲ ಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ.

ಒಂದು ಕಲ್ಲಿನ ಪ್ರತಿ ತೆಗೆಯುವುದು ಹೇಗೆಂದು ತಿಳಿದರೆ ಈ ಲೆಕ್ಕದ ಭಾರ ಗೊತ್ತಾದೀತು. ಮೊದಲು ಕಲ್ಲಿನ ಮೇಲಿನ ಪಾಚಿ, ಎಣ್ಣೆಯ ಜಿಡ್ಡು, ಸುಣ್ಣ ಎಲ್ಲವನ್ನೂ ಉಜ್ಜಿ ತೊಳೆಯಬೇಕು. ಒದ್ದೆ ಮಾಡಿದ ಕಾಗದವನ್ನು ಗುಳ್ಳೆ ಏಳದಂತೆ ಕಲ್ಲಿಗೆ ಹಾಸಿ, ಗಟ್ಟಿ ಕುಂಚದಿಂದ ಬಡಿಯುತ್ತಾ ಹೋಗಬೇಕು. ಕಾಗದ ಅಕ್ಷರದ ಕುಳಿಗೆ ಇಳಿಯುತ್ತದೆ. ಅರೆ ಒಣಗಿದ ಮೇಲೆ ಮಸಿ ಹಚ್ಚಿದ ಬಟ್ಟೆಯ ಉಂಡೆಯನ್ನು ಮೆಲ್ಲಗೆ ಒತ್ತಿದರೆ ಮೇಲ್ಮೈಯೆಲ್ಲ ಕಪ್ಪಾಗಿ, ಅಕ್ಷರ ಮಾತ್ರ ಬಿಳಿಯಾಗಿ ಏಳುತ್ತದೆ. ಬಿಸಿಲೆ ಘಾಟಿಯ ಕಡೆಯ ಮಳೆಯಲ್ಲಿ ಕಾಗದ ಒಣಗುವುದಾದರೂ ಎಂದು? ಮಲೆನಾಡಿನ ಕಲ್ಲುಗಳಿಗೆ ಬೇಸಿಗೆಯ ನಾಲ್ಕು ತಿಂಗಳೇ ಗತಿ. ಪ್ರತಿ ತೆಗೆದ ಮೇಲೆ ಓದು. ಸವೆದ ಸಾಲಿನಲ್ಲಿ ಒಂದು ಒತ್ತಕ್ಷರ ತಪ್ಪಿದರೆ ಅರಸನ ಹೆಸರೇ ಬದಲಾಗಬಹುದು, ಶಕವರ್ಷದ ಒಂದು ಪದ ತಪ್ಪಿದರೆ ಒಂದು ತಲೆಮಾರೇ ಆಚೀಚೆ ಆಗಬಹುದು.

ಹಾಸನ ಜಿಲ್ಲೆಯ ಸಂಪುಟ ಮಾಲೆಯ ಐದನೆಯದು. 1902ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಕಿಟೆಲ್‌ರ ಕನ್ನಡ ನಿಘಂಟು 1894ರಲ್ಲಿ ಅಚ್ಚಾದದ್ದೂ ಅಲ್ಲೇ. ಬೇಲೂರು, ಹಳೇಬೀಡಿನ ಹೊಯ್ಸಳ ಶಾಸನಗಳು ಈ ಸಂಪುಟದ ದೊಡ್ಡ ಆಸ್ತಿ. ಮಂಜರಾಬಾದಿನ ಕಲ್ಲುಗಳಿಗೂ ಅದರಲ್ಲಿ ಪ್ರತ್ಯೇಕ ಜಾಗವಿದೆ. ಹೊಯ್ಸಳರ ಬೆಳಕಿನಲ್ಲಿ ಮರೆಯಾಗಿದ್ದ ಸಣ್ಣ ಅರಸುಮನೆಗಳನ್ನು ರೈಸ್ ಎತ್ತಿ ತೋರಿಸಿದ್ದು ಈ ಸೀಮೆಗೆ ಹೆಚ್ಚು ಬೇಕಾದ ಸಂಗತಿ. ಅರಕಲಗೂಡಿನಿಂದ ಕೊಡಗಿನ ಉತ್ತರದ ಅಂಚಿನವರೆಗೆ ಆಳಿದ ಕೊಂಗಾಳ್ವರ ಕತೆಯನ್ನೇ ನೋಡಿ. ರಾಜರಾಜ ಚೋಳನ ಕಾಲದಲ್ಲಿ ಪಣಸೋಗೆಯ ಯುದ್ಧದಲ್ಲಿ ಮನಿಜ ಎಂಬ ವೀರ ಕೆಚ್ಚಿನಿಂದ ಕಾದಿದ. ಅವನಿಗೆ ಕ್ಷತ್ರಿಯಶಿಖಾಮಣಿ ಕೊಂಗಾಳ್ವ ಎಂಬ ಪಟ್ಟ ಕಟ್ಟಿ, ಮಾಲವ್ವಿ ಎಂಬ ಊರನ್ನು ಕೊಟ್ಟರು. ಒಂದು ವಂಶದ ಆರಂಭವನ್ನು ಹೇಳುವ ಈ ಸುದ್ದಿ ಯಾವ ಕಾವ್ಯದಲ್ಲೂ ಇರಲಿಲ್ಲ, ಕಲ್ಲಿನಲ್ಲಿತ್ತು.

ರೈಸ್ ಹೆಸರು ದೇಶದ ತುಂಬ ಕೇಳಿಬಂದದ್ದು 1892ರಲ್ಲಿ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅವರು ಅಶೋಕನ ಶಾಸನಗಳನ್ನು ಕಂಡುಹಿಡಿದರು. ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಬಂದ ಅಪ್ಪಣೆ ಅದು. ಬರೆದ ಲಿಪಿಕಾರ ಚಪಡ ತನ್ನ ಕಸುಬಿನ ಗುರುತನ್ನು ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಕೊರೆದಿದ್ದಾನೆ. ಮೌರ್ಯರ ಆಡಳಿತ ಕನ್ನಡ ನೆಲದ ಒಳಗಿನವರೆಗೆ ಬಂದಿತ್ತು ಎಂಬುದಕ್ಕೆ ಆಮೇಲೆ ವಾದದ ಅಗತ್ಯವೇ ಉಳಿಯಲಿಲ್ಲ.

ರೈಸ್ ಹೇಳಿದ್ದೆಲ್ಲ ನಿಂತಿತೆಂದಲ್ಲ. ಮುಂಬಯಿ ಕರ್ನಾಟಕದ ಶಾಸನಗಳನ್ನು ಅರೆದು ಕುಡಿದಿದ್ದ ಜೆ.ಎಫ್. ಫ್ಲೀಟ್ ರೈಸ್‌ರ ಬಹುದೊಡ್ಡ ಟೀಕಾಕಾರರು. ಗಂಗರ ಹಳೆಯ ತಾಮ್ರಪಟಗಳಲ್ಲಿ ಹಲವು ಖೊಟ್ಟಿ, ಅವನ್ನು ನಂಬಿ ರೈಸ್ ಗಂಗರ ಕಾಲವನ್ನು ಹಿಂದಕ್ಕೆ ಎಳೆಯುತ್ತಿದ್ದಾರೆ ಎಂದು ಫ್ಲೀಟ್ ಮತ್ತೆ ಮತ್ತೆ ಬರೆದರು. ಶ್ರವಣಬೆಳಗೊಳಕ್ಕೆ ಚಂದ್ರಗುಪ್ತ ಮೌರ್ಯ ಬಂದನೆಂಬ ಜೈನ ಪರಂಪರೆಯ ಮಾತಿನಲ್ಲೂ ಇಬ್ಬರಿಗೂ ಹೊಂದಲಿಲ್ಲ. ತಾಮ್ರಪಟಗಳ ವಿಷಯದಲ್ಲಿ ಫ್ಲೀಟ್‌ರ ಕಣ್ಣೇ ಹೆಚ್ಚು ಚುರುಕು ಎಂದು ಒಪ್ಪಬೇಕು. ರೈಸ್‌ಗೆ ಈ ನೆಲದ ಪರಂಪರೆಯ ಮೇಲೆ ಇದ್ದ ನಂಬಿಕೆ ಕೆಲವೊಮ್ಮೆ ಜಾಸ್ತಿಯಾಯಿತು. ಆದರೆ ಫ್ಲೀಟ್ ಪರೀಕ್ಷಿಸಲು, ಮುಂದಿನವರು ತಿದ್ದಲು ಪಾಠಗಳು ಕೈಗೆ ಸಿಕ್ಕಿದ್ದು ರೈಸ್ ಅಚ್ಚು ಹಾಕಿಸಿದ್ದರಿಂದ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಈ ಸಂಪುಟಗಳ ಹಿಂದೆ ಕನ್ನಡ ಮತ್ತು ಸಂಸ್ಕೃತ ಪಂಡಿತರ ದೊಡ್ಡ ಪಡೆಯೇ ಇತ್ತು. 1899ರಲ್ಲಿ ಸಹಾಯಕರಾಗಿ ಬಂದ ಆರ್. ನರಸಿಂಹಾಚಾರ್ ಅವರಲ್ಲಿ ಅಗ್ರಗಣ್ಯರು. 1906ರಲ್ಲಿ ರೈಸ್ ನಿವೃತ್ತರಾದಾಗ ಅವರ ಜಾಗಕ್ಕೆ ಬಂದದ್ದೂ ಅವರೇ, 'ಕರ್ಣಾಟಕ ಕವಿಚರಿತೆ' ಕೊಟ್ಟದ್ದೂ ಅವರೇ. ಪಂಪನ ಭಾರತ, ನಾಗವರ್ಮನ ಭಾಷಾಭೂಷಣ, ಭಟ್ಟಾಕಳಂಕನ ಶಬ್ದಾನುಶಾಸನ ಮೊದಲಾದ ಗ್ರಂಥಗಳು 'ಬಿಬ್ಲಿಯೋಥಿಕಾ ಕರ್ನಾಟಿಕಾ' ಮಾಲೆಯಲ್ಲಿ ಅಚ್ಚು ಕಂಡದ್ದೂ ಇಂಥ ಕೂಡುದುಡಿಮೆಯಿಂದ. ಮುಖಪುಟದಲ್ಲಿ ಒಂದು ಹೆಸರು, ಒಳಗೆ ಹತ್ತಾರು ಜನರ ಬೆವರು. ರೈಸ್‌ರನ್ನು ಶಾಸನ ಪಿತಾಮಹ ಎಂದು ಗೌರವಿಸುವಾಗ ಆ ಪಂಡಿತರನ್ನೂ ಜೊತೆಗೇ ನೆನೆಯುವುದು ನ್ಯಾಯ.

ನಿವೃತ್ತಿಯ ನಂತರ ರೈಸ್ ಇಂಗ್ಲೆಂಡಿಗೆ ಹೋದರು. ಶಾಸನಗಳಿಂದ ತಿಳಿದ ಮೈಸೂರು ಮತ್ತು ಕೊಡಗಿನ ಚರಿತ್ರೆಯನ್ನು ಒಂದೇ ಪುಸ್ತಕವಾಗಿ 1909ರಲ್ಲಿ ಪ್ರಕಟಿಸಿದರು. 1927ರ ಜುಲೈ 10ರಂದು ಹ್ಯಾರೋದಲ್ಲಿ ತೀರಿಕೊಂಡರು. ತೊಂಬತ್ತು ತುಂಬಲು ಒಂದು ವಾರವಿತ್ತು. ಅದೇ 1927ರಲ್ಲಿ ವಿಜಯನಗರದ ಅರವೀಡು ವಂಶದ ಬಗ್ಗೆ ಒಂದು ದೊಡ್ಡ ಗ್ರಂಥ ಹೊರಬಂತು. ಬರೆದವರು ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನ ಪಾದ್ರಿ ಹೆನ್ರಿ ಹೆರಾಸ್, ಹುಟ್ಟಿದ್ದು ಬಾರ್ಸಿಲೋನಾದಲ್ಲಿ. ಅಂದರೆ ಬಾರ್ಸಿಲೋನಾದವನೊಬ್ಬ ಕನ್ನಡಿಗರ ದೊರೆಗಳ ಚರಿತ್ರೆ ಬರೆದ, ಮೂವತ್ತಾರು ವರ್ಷದ ಮೇಲೆ ಇಂಗ್ಲೆಂಡಿನವನೊಬ್ಬ ಬಾರ್ಸಿಲೋನಾದವರ ಚರಿತ್ರೆ ಬರೆದ. ಪರದೇಶದವರಿಗೆ ನಮ್ಮ ಚರಿತ್ರೆ ಏನು ಗೊತ್ತು ಎಂದು ಮೂಗು ಮುರಿಯುವವರು ಇವರ ದುಡಿಮೆಯನ್ನು ಒಮ್ಮೆ ನೋಡಬೇಕು. ಮಾತು ಕಲಿತು, ಮೂಲದ ಮುಂದೆ ಮೊಣಕಾಲೂರಿ ಕೂತವರಿಗೆ ಚರಿತ್ರೆ ದಕ್ಕಿದೆ, ಹುಟ್ಟಿದ ಊರು ಯಾವುದೇ ಇರಲಿ.

ರೈಸ್ ಕಣ್ಣಿಗೆ ಬೀಳದ ಕಲ್ಲುಗಳೂ ಇದ್ದವು. ಕನ್ನಡದ ಅತಿ ಹಳೆಯ ಬರಹಗಳಲ್ಲಿ ಒಂದಾದ ಹಲ್ಮಿಡಿ ಶಾಸನ ನಮ್ಮ ಪಕ್ಕದ ಬೇಲೂರು ತಾಲ್ಲೂಕಿನದು. 1902ರ ಹಾಸನ ಸಂಪುಟದಲ್ಲಿ ಅದಿಲ್ಲ. ಅದನ್ನು ಗುರುತಿಸಿ 1936ರಲ್ಲಿ ಬೆಳಕಿಗೆ ತಂದವರು ಮೈಸೂರಿನ ಡಾ. ಎಂ.ಎಚ್. ಕೃಷ್ಣ. ಸುಮಾರು ಕ್ರಿ.ಶ. 450ರ ಆ ಕಲ್ಲು ಊರಲ್ಲೇ ಇತ್ತು. ರೈಸ್ ಸಂಪುಟಗಳನ್ನು ತಿದ್ದಿ ಬೆಳೆಸಿ ಹೊಸದಾಗಿ ಪ್ರಕಟಿಸುವ ಕೆಲಸವನ್ನು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1970ರ ದಶಕದಲ್ಲಿ ಕೈಗೆತ್ತಿಕೊಂಡಿತು. ಬೆಂಗಳೂರಿನ ಮಿಥಿಕ್ ಸೊಸೈಟಿ ಈಗ ಬೆಂಗಳೂರು ಸುತ್ತಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದೆ. ಬರಿಗಣ್ಣಿಗೆ ಸಿಗದ ಅಕ್ಷರ ಕಂಪ್ಯೂಟರಿನ ತೆರೆಯ ಮೇಲೆ ಎದ್ದು ನಿಲ್ಲುತ್ತದೆ. ಇಂಥ ಕೆಲಸ ಸಕಲೇಶಪುರ, ಆಲೂರಿನ ಬೆಟ್ಟಗಳಿಗೂ ಬರಬೇಕು.

ಅಲ್ಲಿಯವರೆಗೆ ಕಲ್ಲು ಉಳಿದಿರಬೇಕಲ್ಲ. ಹೆತ್ತೂರು ಸುತ್ತಿನ ತೋಟದ ಮಾಲೀಕರಲ್ಲಿ, ರೈತರಲ್ಲಿ, ಶಾಲೆಯ ಮೇಷ್ಟರಲ್ಲಿ ಒಂದು ಕೋರಿಕೆ. ಕಾಫಿ ಗಿಡದ ಬುಡದಲ್ಲಿ, ಹಳ್ಳದ ದಂಡೆಯಲ್ಲಿ, ಹಳೇ ಗುಡಿಯ ಹಿಂದೆ ಬಿಲ್ಲು ಹಿಡಿದ ವೀರನ ಕಲ್ಲೋ, ಬಳೆ ತೊಟ್ಟ ಕೈ ಎತ್ತಿದ ಮಾಸ್ತಿಕಲ್ಲೋ, ಸಾಲು ಬರಹದ ಬಂಡೆಯೋ ಕಂಡರೆ ಅದನ್ನು ಮೋರಿಗೆ ಹಾಸಬೇಡಿ, ಬಣ್ಣ ಬಳಿಯಬೇಡಿ, ಅಕ್ಷರ ಕಾಣಲೆಂದು ಉಳಿಯಿಂದ ಕೆರೆಯಬೇಡಿ. ಇಳಿಬಿಸಿಲು ಓರೆಯಾಗಿ ಬೀಳುವಾಗ ಒಂದು ಫೋಟೋ ತೆಗೆದು, ಊರು ಮತ್ತು ಸರ್ವೆ ನಂಬರ್ ಬರೆದು ರಾಜ್ಯ ಪುರಾತತ್ವ ಇಲಾಖೆಗೋ ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೋ ತಿಳಿಸಿ.