ಫೈನಲ್ ಮುಗಿದ ಮೇಲೆ ಹಾಡುಗಾರ ಎಲ್ಲಿಗೆ ಹೋದ?

(ಬಡಾವಣೆಯ ಕನ್ನಡ ಯುವಕರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳು)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿಗೆ ಸೇರಿಕೊಂಡವನು. ಹುಡುಗನಾಗಿದ್ದಾಗ ಅಚ್ಚಿನ ಮೊಳೆ ಜೋಡಿಸುವುದನ್ನು ಕಲಿತೆ. ಈಗ ಆಫ್‌ಸೆಟ್ ನಡೆಸುತ್ತೇನೆ. ಮದುವೆ ಕಾಗದ, ಬಿಲ್ ಬುಕ್ಕು, ಗಣೇಶನ ಹಬ್ಬದ ಕರಪತ್ರ, ರಾಜ್ಯೋತ್ಸವದ ಪೋಸ್ಟರು, ಇಷ್ಟೇ ನನ್ನ ವಿದ್ಯೆ. ಟೀವಿಯ ಹಾಡಿನ ಸ್ಪರ್ಧೆಗಳ ಬಗ್ಗೆ ಮಾತಾಡಿ ಅಂತ ನಿಮ್ಮ ಸಂಘದ ಹುಡುಗರು ಬಂದಾಗ ನಗು ಬಂತು. ಸಂಗೀತಕ್ಕೂ ನನಗೂ ಏನು ಸಂಬಂಧ?

ಆಮೇಲೆ ಯೋಚಿಸಿದೆ. ಈ ಹಾಡುಗಾರರಿಗೆ ಅಂಕ ಕೊಡುವವರು ಸಾವಿರ ಜನ ಇದ್ದಾರೆ. ಆದರೆ ಅವರ ಹೆಸರು ವರ್ಷದಿಂದ ವರ್ಷಕ್ಕೆ ಎಷ್ಟು ಸಣ್ಣದಾಗುತ್ತದೆ ಅನ್ನುವುದನ್ನು ಅಳತೆ ಹಿಡಿದು ನೋಡಿದವನು ಅಚ್ಚು ಹಾಕುವವನೇ.

ನಮ್ಮ ಕಡೆಯ ಒಬ್ಬ ಹುಡುಗ ಇಂಥದ್ದೊಂದು ಸ್ಪರ್ಧೆಯಲ್ಲಿ ಫೈನಲ್‌ವರೆಗೆ ಹೋದ. ಹೆಸರು ಬೇಡ. ಆ ವರ್ಷದ ಹಬ್ಬದ ಪೋಸ್ಟರಿನಲ್ಲಿ ಅವನ ಹೆಸರನ್ನು ಅಂಗೈಯಗಲದ ಅಕ್ಷರದಲ್ಲಿ ಹಾಕಿಸಿದರು. ಮೇಲೆ ಫೋಟೊ, ಸುತ್ತ ನಕ್ಷತ್ರ. ಮರುವರ್ಷ ಫೋಟೊ ಹೋಯಿತು, ಅಕ್ಷರ ಎರಡು ಬೆರಳಗಲಕ್ಕೆ ಇಳಿಯಿತು. ಮೂರನೆಯ ವರ್ಷ ಪ್ರೂಫ್ ತಿದ್ದುತ್ತಿದ್ದಾಗ ಹುಡುಕಿದೆ. ‘ಮತ್ತು ಸಂಗಡಿಗರು’ ಅಂತಿತ್ತಲ್ಲ, ಅದರೊಳಗೆ ಸೇರಿಹೋಗಿದ್ದ. ಕಂಠ ಅದೇ, ಹಾಡು ಅದೇ. ಅವನು ಕೆಟ್ಟಿರಲಿಲ್ಲ, ಟೀವಿ ಅವನನ್ನು ತೋರಿಸುವುದು ನಿಲ್ಲಿಸಿತ್ತು, ಅಷ್ಟೆ.

ಹಾಗಾದರೆ ನಾವು ಕೊಟ್ಟ ಚಪ್ಪಾಳೆ ಯಾರಿಗೆ? ಹಾಡಿಗೋ, ಟೀವಿಗೋ?

೨೦೧೯ರಲ್ಲಿ ಮುಗಿದ ಜೀ ಕನ್ನಡದ ‘ಸರಿಗಮಪ’ ೧೫ನೇ ಸೀಸನ್ ನಿಮಗೆಲ್ಲ ನೆನಪಿರಬೇಕು. ಗೆದ್ದವರು ಕೀರ್ತನ್ ಹೊಳ್ಳ. ಎರಡನೆಯವರು ಹನುಮಂತ, ಹಾವೇರಿ ಜಿಲ್ಲೆ ಸವಣೂರು ತಾಲ್ಲೂಕಿನ ಚಿಲ್ಲೂರ ಬಡ್ನಿಯಲ್ಲಿ ಕುರಿ ಕಾಯುತ್ತಿದ್ದವರು. ಲುಂಗಿ ಉಟ್ಟೇ ಆ ದೊಡ್ಡ ವೇದಿಕೆ ಹತ್ತಿದವರು. ಆಗ ನಮ್ಮ ಪ್ರೆಸ್ಸಿನ ಪಕ್ಕದ ಟೀ ಅಂಗಡಿಯಲ್ಲಿ ಎರಡು ಪಂಗಡ. ಹಳ್ಳಿಯವನಿಗೆ ಮೋಸ ಆಯಿತು ಅಂತ ಒಂದು. ಕುರಿ ಕಾಯುವವನು ಅನ್ನುವ ಕರುಣೆಯಿಂದ ಅಲ್ಲಿಯವರೆಗೆ ಬಂದ ಅಂತ ಇನ್ನೊಂದು.

ನನ್ನ ಪ್ರಕಾರ ಎರಡೂ ತಪ್ಪು. ಶ್ರುತಿ, ಲಯ, ಬೇರೆ ಬೇರೆ ಬಗೆಯ ಹಾಡಿಗೆ ಕಂಠವನ್ನು ಪಳಗಿಸುವುದು, ಇವು ಸ್ಪರ್ಧೆಯ ಅಳತೆಗೋಲು. ಆ ಅಳತೆಗೋಲಿನಲ್ಲಿ ಕೀರ್ತನ್ ಗೆದ್ದರು, ನ್ಯಾಯವಾಗಿಯೇ ಗೆದ್ದರು. ಸಾಧನೆ ಮಾಡಿದವನನ್ನು ಹಳ್ಳಿ-ಪೇಟೆ ಅಂತ ಭಾಗ ಮಾಡಿ ಹಳಿಯುವುದು ಕನ್ನಡದ ಕೆಲಸವಲ್ಲ. ಹಾಗಂತ ಹನುಮಂತ ಅವರಿಗೆ ಸಿಕ್ಕಿದ್ದು ಭಿಕ್ಷೆಯೂ ಅಲ್ಲ. ಶಿಶುನಾಳ ಷರೀಫರ ಊರು ಅದೇ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನಲ್ಲಿದೆ. ಆ ಸೀಮೆಯಲ್ಲಿ ಹಾಡು ಅನ್ನುವುದು ಮಾತಿನ ತಮ್ಮ. ಹನುಮಂತ ಹಾಡಿದಾಗ ಒಂದೊಂದು ಮಾತೂ ಬಿಡಿಬಿಡಿಯಾಗಿ ಎದೆಗೆ ತಾಗುತ್ತಿತ್ತು. ಬೆಂಗಳೂರಿನ ದೀಪದ ಬೆಳಕು ಬಿದ್ದ ಕೂಡಲೇ ತಮ್ಮ ಊರಿನ ಮಾತನ್ನು ಅವರು ಬಚ್ಚಿಡಲಿಲ್ಲ. ಅದಕ್ಕೆ ಅಂಕವಿಲ್ಲ, ಬೆಲೆ ಇದೆ.

೨೦೨೫ರ ಜನವರಿಯಲ್ಲಿ ಅದೇ ಹನುಮಂತ ‘ಬಿಗ್ ಬಾಸ್’ ಕನ್ನಡದ ೧೧ನೇ ಸೀಸನ್ ಗೆದ್ದರು. ಜನ ಅವರನ್ನು ಮರೆತಿರಲಿಲ್ಲ. ಸಂತೋಷವೇ. ಆದರೆ ದೊಡ್ಡ ಬಹುಮಾನ ಸಿಕ್ಕಿದ್ದು ಹಾಡಿಗಲ್ಲ, ಇನ್ನೊಂದು ಆಟಕ್ಕೆ. ಇದು ಹೆಮ್ಮೆಯೋ ನಾಚಿಕೆಯೋ ನೀವೇ ಹೇಳಿ.

ಈಗ ನನ್ನ ಕಸುಬಿನ ಅಳತೆಗೋಲಿಗೆ ಬರುತ್ತೇನೆ. ಪ್ರೂಫ್ ನೋಡುವವನಿಗೆ ಕಿವಿಯೂ ಕಣ್ಣೇ. ಫೈನಲ್ ನೋಡುವಾಗ ಮೂರು ವಿಷಯ ಗಮನಿಸಿ.

ಒಂದು, ಉಚ್ಚಾರ. ಇಂದಿನ ಎಷ್ಟೋ ಹುಡುಗರು ಕನ್ನಡ ಹಾಡನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಮೊಬೈಲ್ ನೋಡಿ ಕಲಿಯುತ್ತಾರೆ. ಆ ಲಿಪಿಯಲ್ಲಿ ‘ಬೆಲೆ’ಗೂ ‘ಬೆಳೆ’ಗೂ ಭೇದವಿಲ್ಲ. ‘ಕಲ್ಲು’, ‘ಕಳ್ಳು’ ಎರಡೂ ಒಂದೇ. ರೈತ ಬೆಳೆ ಅಂದರೆ ಇವನು ಬೆಲೆ ಅಂತ ಹಾಡುತ್ತಾನೆ, ತೀರ್ಪುಗಾರರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ನನ್ನ ಪ್ರೆಸ್ಸಿನಲ್ಲಿ ಇಂಥ ತಪ್ಪಾದರೆ ಗಿರಾಕಿ ಕಾಗದ ನನ್ನ ಮುಖಕ್ಕೆ ಎಸೆಯುತ್ತಾನೆ. ಒಂದು ಮಾತು ನೆನಪಿಡಿ. ಹಳ್ಳಿಯವರು ‘ಹಾದಿ’ಗೆ ‘ಆದಿ’ ಅಂದರೆ ಅದು ಅವರ ಮನೆಯ ಕನ್ನಡ, ಅದನ್ನು ಅಣಕಿಸಬೇಡಿ. ಕನ್ನಡ ಲಿಪಿ ಓದಲು ಸೋಮಾರಿಯಾಗಿ ತಪ್ಪು ಹಾಡುವುದು ಬೇರೆ.

ಎರಡು, ಸ್ವಂತ ಕಂಠ. ಮೂಲ ಗಾಯಕರ ಉಸಿರು, ಕೊಂಕು, ನಗು ಎಲ್ಲವನ್ನೂ ಹಾಗೇ ಇಳಿಸುವವನು ಜೆರಾಕ್ಸ್ ಪ್ರತಿ. ಜೆರಾಕ್ಸಿನ ಜೆರಾಕ್ಸು ಮಸುಕಾಗುತ್ತಲೇ ಹೋಗುತ್ತದೆ.

ಮೂರು, ಅರ್ಥ. ಹಾಡು ಬರೆದವರು ಯಾರು ಅಂತ ಹಾಡುಗಾರನಿಗೆ ಗೊತ್ತಿದೆಯೇ? ಎಸ್. ಪಿ. ಬಾಲಸುಬ್ರಹ್ಮಣ್ಯಂ ಈಟಿವಿಯಲ್ಲಿ ‘ಎದೆ ತುಂಬಿ ಹಾಡುವೆನು’ ನಡೆಸುತ್ತಿದ್ದಾಗ ಮಕ್ಕಳ ಉಚ್ಚಾರ ತಿದ್ದುತ್ತಿದ್ದರು, ಕವಿಯ ಹೆಸರು ಹೇಳುತ್ತಿದ್ದರು. ಅವರು ಹುಟ್ಟಿದ್ದು ಆಂಧ್ರದ ನೆಲ್ಲೂರು ಸೀಮೆಯಲ್ಲಿ, ಮನೆಮಾತು ತೆಲುಗು. ಆದರೂ ‘ಗಾನಯೋಗಿ ಪಂಚಾಕ್ಷರ ಗವಾಯಿ’ ಎಂಬ ಕನ್ನಡ ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದರು. ಪಿ. ಬಿ. ಶ್ರೀನಿವಾಸ್ ಕಾಕಿನಾಡದವರು. ರಾಜಕುಮಾರರ ಕಂಠವೇ ಅವರದು ಅಂತ ಒಂದು ತಲೆಮಾರು ನಂಬಿತ್ತು. ಆದ್ದರಿಂದ ಹೊರಗಿನವರು ಹಾಡಬಾರದು ಅಂತ ನಾನು ಹೇಳುವುದಿಲ್ಲ. ಕಲಿತು ಹಾಡಿದವರನ್ನು ಕನ್ನಡ ಮಡಿಲಿಗೆ ಹಾಕಿಕೊಂಡಿದೆ.

ಆದರೆ ೨೦೨೫ರ ಏಪ್ರಿಲ್‌ನಲ್ಲಿ ಏನಾಯಿತು? ೨೦೦೬ರ ‘ಮುಂಗಾರು ಮಳೆ’ಯ ಹಾಡಿಗಾಗಿ ನಾವು ತಲೆಯ ಮೇಲೆ ಹೊತ್ತ ಸೋನು ನಿಗಮ್, ಬೆಂಗಳೂರಿನ ಕಾಲೇಜಿನ ವೇದಿಕೆಯಲ್ಲಿ ಕನ್ನಡ ಹಾಡು ಕೇಳಿದ ಹುಡುಗನ ಬಗ್ಗೆ ಆಡಿದ ಮಾತಿಗೆ ನಾಡೇ ಸಿಟ್ಟಾಯಿತು. ಕೊನೆಗೆ ಅವರು ಕ್ಷಮೆ ಕೇಳಿದರು. ನಮ್ಮ ಸಿಟ್ಟು ಸರಿಯೇ ಇತ್ತು. ಸಿಟ್ಟು ಇಳಿದ ಮೇಲೆ ನಾವೇನು ಮಾಡಿದೆವು? ಇಲ್ಲಿ ಇಷ್ಟು ಸೀಸನ್ನುಗಳ ಫೈನಲ್ ಹಾಡಿದ ಮಕ್ಕಳಿದ್ದಾರಲ್ಲ, ಅವರಲ್ಲಿ ಎಷ್ಟು ಜನರನ್ನು ನಿಮ್ಮ ಕಾಲೇಜಿಗೆ ಕರೆಸಿದಿರಿ? ಇಲ್ಲಿಯ ಹುಡುಗ ಟ್ರ್ಯಾಕ್ ಹಾಡಿ ಹೋಗುತ್ತಾನೆ, ಮುಂಬಯಿಯ ಕಂಠ ಅದರ ಮೇಲೆ ಕೂರುತ್ತದೆ. ಇದು ನಿಲ್ಲಬೇಕಾದರೆ ಕೇಳುವವರು ನಾವು ಬದಲಾಗಬೇಕು.

ವೋಟು ಹಾಕಿದರೆ ಸಾಕು ಅನ್ನುವವರಿಗೆ ಒಂದು ಕತೆ. ೨೦೦೭ರ ‘ಇಂಡಿಯನ್ ಐಡಲ್’ನಲ್ಲಿ ಪ್ರಶಾಂತ್ ತಮಾಂಗ್ ಗೆದ್ದರು. ಡಾರ್ಜಿಲಿಂಗ್‌ನ ನೇಪಾಳಿ ಮಾತಾಡುವ ಜನ ಊರಿಗೆ ಊರೇ ಸೇರಿ ಎಸ್ಸೆಮ್ಮೆಸ್ ಕಳಿಸಿದರು. ಆ ಒಗ್ಗಟ್ಟು ಅಲ್ಲಿಯ ರಾಜಕೀಯವನ್ನೇ ಅಲುಗಿಸಿತು. ಒಬ್ಬ ಹಾಡುಗಾರನ ಹಿಂದೆ ಒಂದು ಭಾಷೆಯ ಜನ ನಿಂತರೆ ಎಷ್ಟು ಬಲ ಬರುತ್ತದೆ ನೋಡಿ. ಆದರೆ ವೋಟು ಒಂದು ರಾತ್ರಿಯದು. ಹಾಡುಗಾರನಿಗೆ ಮನೆ ಬಾಡಿಗೆ ತಿಂಗಳು ತಿಂಗಳೂ ಇರುತ್ತದೆ.

ಆದ್ದರಿಂದ ನಿಮ್ಮ ಮುಂದೆ ಮೂರು ಕೆಲಸ ಇಡುತ್ತೇನೆ.

ಈ ನವೆಂಬರಿನ ಆರ್ಕೆಸ್ಟ್ರಾಕ್ಕೆ ಹಳೆಯ ಸೀಸನ್ನಿನ, ಈಗ ಟೀವಿಯಲ್ಲಿ ಕಾಣದ ಒಬ್ಬ ಹಾಡುಗಾರನನ್ನಾದರೂ ಕರೆಸಿ. ಒಪ್ಪಿಕೊಂಡ ಹಣವನ್ನು ಅವತ್ತೇ ಕೈಯಲ್ಲಿಡಿ. ಶಾಲು, ಹಾರ, ಮೈಸೂರು ಪೇಟದಿಂದ ಹೊಟ್ಟೆ ತುಂಬುವುದಿಲ್ಲ.

ಎರಡನೆಯದು, ರಾಜ್ಯೋತ್ಸವದ ವೇದಿಕೆಯಲ್ಲಿ ಒಂಬತ್ತು ಗಂಟೆಯಾದ ಮೇಲೆ ಹಿಂದಿ ಹಾಡಿಗೆ ಕುಣಿಯುವ ಚಾಳಿ ಬಿಡಿ. ಕುಣಿಯಲು ಕನ್ನಡದಲ್ಲಿ ಹಾಡಿಲ್ಲವೇ? ಕೇಳಿ ಹಾಡಿಸಿ.

ಮೂರನೆಯದು, ಪೋಸ್ಟರಿನಲ್ಲಿ ಹಾಡುಗಾರನ ಹೆಸರಿನ ಕೆಳಗೆ ಹಾಡು ಬರೆದ ಕವಿಗಳ ಹೆಸರು ಹಾಕಿಸಿ. ಆ ಸಾಲಿಗೆ ನಾನು ಕಾಸು ಕೇಳುವುದಿಲ್ಲ. ಇದು ನನ್ನ ಪ್ರೆಸ್ಸಿನ ಮಾತು.

ಆ ‘ಮತ್ತು ಸಂಗಡಿಗರು’ ಹುಡುಗನನ್ನು ಮರೆತಿಲ್ಲ. ಈ ಸಲ ನಿಮ್ಮ ಸಂಘದ ಪೋಸ್ಟರು ನನ್ನ ಮೇಜಿನ ಮೇಲೆ ಬಂದಾಗ ಅವನ ಹೆಸರು ಮತ್ತೆ ಅಂಗೈಯಗಲ ಇರಬೇಕು. ಅಕ್ಷರ ದೊಡ್ಡದು ಮಾಡುವುದು ನನ್ನ ಕೈಯಲ್ಲಿದೆ. ಆ ಅಕ್ಷರದ ಮುಂದೆ ಜನ ಬಂದು ಕೂರುವಂತೆ ಮಾಡುವುದು ನಿಮ್ಮ ಕೈಯಲ್ಲಿದೆ.

ಸಿರಿಗನ್ನಡಂ ಗೆಲ್ಗೆ.